ಇಲ್ಲ ಅನ್ನಬಾರದ ಅಂಗಡಿ

ಫೆಬ್ರುವರಿ ೪, ಮಂಗಳವಾರ

ನಕ್ಕು ನಕ್ಕು ದವಡೆ ನೋಯುತ್ತಿದೆ. ಸಂತೋಷಕ್ಕೆ ನಕ್ಕಿದ್ದಾದರೆ ಸಹಿಸಿಕೊಳ್ಳಬಹುದಿತ್ತು, ಇದು ಸಂಬಳದ ನಗು. ನಮ್ಮ ಮ್ಯಾನೇಜರನಿಗೆ ನಾವು ಇಟ್ಟ ಹೆಸರು ನಗುಮುಖ. ಆತ ನಗುವುದಿಲ್ಲ, ನಗಿಸುತ್ತಾನೆ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಲ್ಲು ಕಾಣುತ್ತವೋ ಇಲ್ಲವೋ ನೋಡಿಕೊಂಡು ಹೋಗುತ್ತಾನೆ.

ಮನೆಗೆ ಬೇಕಾದ ಸಾಮಾನೆಲ್ಲ ಮಾರುವ ಅಂಗಡಿ. ನನ್ನದು ಎರಡನೇ ಮಹಡಿಯ ಪರದೆ ವಿಭಾಗ. ಗೋಡೆಗೆ ಸುಳ್ಳು ಕಿಟಕಿಗಳನ್ನು ಹೊಡೆದು ಅವಕ್ಕೆ ನಿಜವಾದ ಪರದೆ ಇಳಿಬಿಟ್ಟಿದ್ದಾರೆ. ಸರಿಸಿ ನೋಡಿದರೆ ಆಚೆ ಸುಣ್ಣ ಬಳಿದ ಗೋಡೆ.

ಈ ಅಂಗಡಿಯಲ್ಲಿ ಒಂದೇ ಒಂದು ದೊಡ್ಡ ನಿಯಮ. ಗಿರಾಕಿಗೆ ‘ಇಲ್ಲ’ ಅನ್ನಬಾರದು. ಸರಕು ಇಲ್ಲದಿದ್ದರೂ, ಇನ್ನು ಏಳು ಜನ್ಮಕ್ಕೂ ಬರುವಂಥದ್ದಲ್ಲದಿದ್ದರೂ, ‘ಕೂತಿರಿ, ಒಳಗೆ ನೋಡಿ ಬರ್ತೀನಿ’ ಅನ್ನಬೇಕು. ಒಳಗೆ ಹೋಗಿ ಒಂದು ಗುಟುಕು ನೀರು ಕುಡಿದು, ಹೊರಗೆ ಬಂದು, ‘ನೋಡೋಣ, ಬರಬಹುದು’ ಅನ್ನಬೇಕು. ಬಾಯಿ ತಪ್ಪಿ ‘ಇಲ್ಲ’ ಅಂದರೆ ಚಹಾ ಕೋಣೆಯ ಬೋರ್ಡಿನಲ್ಲಿ ಹೆಸರಿನ ಮುಂದೆ ಕೆಂಪು ಚುಕ್ಕೆ. ನನ್ನಂಥ ಹೊಸಬರಿಗೆ ಒಂದು ಚುಕ್ಕೆ ಬಿದ್ದರೂ ಕಷ್ಟ. ಈ ತಿಂಗಳ ಕೊನೆಗೆ ಕಾಯಂ ಮಾಡುತ್ತಾರೋ ಮನೆಗೆ ಕಳಿಸುತ್ತಾರೋ ತಿಳಿಯುತ್ತದೆ.

ಕಾಯಂ ಆಗಲೇಬೇಕು. ಕಾಯಂ ಆದರೆ ದರ್ಜಿಯ ಅಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿಯಬಹುದು. ಅತ್ತೆಯ ನಡುಮನೆಯಲ್ಲಿ ಚಾಪೆ ಹಾಸಿ, ಮಡಿಸಿ, ಹಾಸಿ, ಮಡಿಸಿ ನನಗೆ ಸಾಕಾಗಿದೆ. ಇವರು ಬರುವಷ್ಟರಲ್ಲಿ ನಮ್ಮದು ಅಂತ ಒಂದು ಬಾಗಿಲು ಇರಬೇಕು. ಇವರು ಎತ್ತರದ ಕಟ್ಟಡಗಳಿಗೆ ಲಿಫ್ಟು ಕೂರಿಸುವವರು. ‘ಈ ಕಟ್ಟಡ ಮುಗಿದ ಕೂಡಲೇ ಬರ್ತೀನಿ, ನೀನು ಅಮ್ಮನ ಜೊತೆ ಇರು’ ಅಂತ ಹೋದವರು. ಕಟ್ಟಡಗಳು ಉದ್ದವಾಗುತ್ತಾ ಹೋದವು, ಫೋನು ಗಿಡ್ಡವಾಗುತ್ತಾ ಹೋಯಿತು. ಇರಲಿ, ಕೆಲಸ ಅಂದಮೇಲೆ ಹಾಗೇ.

ಮಧ್ಯಾಹ್ನ ಹಸಿರು ಸ್ವೆಟರಿನ ಹೆಂಗಸೊಬ್ಬರು ಬಂದರು. ಕೈಚೀಲದಿಂದ ಅಂಗೈಯಗಲದ ಬಟ್ಟೆ ತುಂಡು ತೆಗೆದರು. ಕಂದು ಬಣ್ಣ, ಮೇಲೆ ಹಳದಿ ಎಲೆಗಳು.

“ಇದೇ ನಮೂನೆ, ಇನ್ನೊಂದು ಪರದೆ ಬೇಕಿತ್ತು,” ಅಂದರು. “ಮೂರು ತಗೊಂಡಿದ್ದೆ. ಮನೇಲಿ ಕಿಟಕಿ ನಾಲ್ಕಿದೆ.”

ಅಂಥ ಬಟ್ಟೆಯನ್ನು ನಾನು ಕಣ್ಣಾರೆ ಕಂಡಿಲ್ಲ. ಕೂತಿರಿ ಅಂದೆ, ಒಳಗೆ ಹೋದೆ, ನೀರು ಕುಡಿದೆ, ಬಂದೆ, ನೋಡೋಣ ಅಂದೆ. ಅವರು ತಲೆಯಾಡಿಸಿ ಕೂತೇ ಇದ್ದರು. ಅಂಗಡಿ ಮುಚ್ಚುವ ಹೊತ್ತಿಗೆ ಕುರ್ಚಿ ಖಾಲಿ. ಎದ್ದು ಹೋದದ್ದನ್ನು ನಾನು ಗಮನಿಸಲಿಲ್ಲ.

ಫೆಬ್ರುವರಿ ೫, ಬುಧವಾರ

ಅದೇ ಹೆಂಗಸು, ಅದೇ ಸ್ವೆಟರು, ಅದೇ ತುಂಡು.

ಪಕ್ಕದ ದಿಂಬಿನ ವಿಭಾಗದಲ್ಲಿ ಒಬ್ಬ ಹಳೆಯ ಅಕ್ಕ ಇದ್ದಾರೆ. ಎಲ್ಲರೂ ದಿಂಬಕ್ಕ ಅನ್ನುತ್ತಾರೆ. ನೋಡಲು ಮೆತ್ತಗೆ, ಮಾತು ಸೂಜಿ. ನನ್ನನ್ನು ಕಂಬದ ಹಿಂದೆ ಎಳೆದುಕೊಂಡು ಹೋದರು.

“ಇವರೇ ಕಣೇ,” ಅಂದರು.

“ಯಾರು?”

“ತಪಾಸಣೆಯವರು. ಮೇಲಿನ ಆಫೀಸಿನವರು ಗಿರಾಕಿ ವೇಷ ಹಾಕಿಸಿ ಕಳಿಸ್ತಾರೆ. ಸಿಗದೇ ಇರೋದನ್ನೇ ಕೇಳ್ತಾರೆ. ನಮ್ಮ ಬಾಯಿಂದ ಆ ಮಾತು ಬರುತ್ತಾ ಅಂತ ಕಾಯ್ತಾರೆ. ನಿನ್ನ ಕೆಲಸ ಅವರ ಕೈಲಿದೆ, ಚೆನ್ನಾಗಿ ನೋಡ್ಕೋ.”

ಆಮೇಲೆ ನಡೆದದ್ದು ನೋಡಬೇಕು. ಮರದ ಕುರ್ಚಿ ಹೋಗಿ ಕೈಯಿರುವ ಕುರ್ಚಿ ಬಂತು. ದಿಂಬಕ್ಕ ಮಾರಾಟಕ್ಕಿಟ್ಟ ಹಂಸದ ಗರಿಯ ದಿಂಬು ತಂದು ಇಟ್ಟರು. ದೀಪದ ವಿಭಾಗದವನು ಓಡಿ ಬಂದು ಪಕ್ಕದಲ್ಲಿ ಒಂದು ದೀಪ ಹಚ್ಚಿದ. ನಾನು ಗಾಜಿನ ಲೋಟದಲ್ಲಿ ನೀರು ಕೊಟ್ಟೆ. ಮದುವೆ ಮನೆಯಲ್ಲಿ ನನಗೇ ಇಷ್ಟು ಉಪಚಾರ ಆಗಿರಲಿಲ್ಲ.

ಆಕೆ ಎಲ್ಲವನ್ನೂ ನೋಡಿ ಒಂದೇ ಮಾತು ಕೇಳಿದರು, “ಒಳಗೆ ನೋಡಿದ್ರಾ?”

ಫೆಬ್ರುವರಿ ೮, ಶನಿವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಬರೆಯುತ್ತಾ ಎದ್ದು ನೀರು ಕುಡಿದು ಬಂದೆ, ಮತ್ತೆ ಎದ್ದೆ. ಅತ್ತೆ ‘ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ’ ಅಂದರು.

ದಿನಾ ಕೊಡುವ ನೀರು ದಿನಾ ಹಾಗೇ ಇರುತ್ತದೆ. ಅದು ಬಿಡಿ, ದೊಡ್ಡ ಹುದ್ದೆಯವರು ಸಿಕ್ಕಿದಲ್ಲಿ ನೀರು ಕುಡಿಯದೇ ಇರಬಹುದು. ಆದರೆ ದಿಂಬು? ಬೆಳಗಿನಿಂದ ಸಂಜೆವರೆಗೆ ಒರಗಿ ಕೂತರೂ ದಿಂಬಿನಲ್ಲಿ ತಗ್ಗು ಬಿದ್ದಿಲ್ಲ. ದಿಂಬಕ್ಕನಿಗೆ ತೋರಿಸಿದೆ.

“ತೂಕ ಕಮ್ಮಿ ಇರೋರು,” ಅಂದರು. “ಪುಣ್ಯ ಮಾಡಿದಾರೆ.”

ಹನ್ನೊಂದರ ಹೊತ್ತಿಗೆ ಮೈಕಿನಲ್ಲಿ ಕರೆ ಬಂತು. ‘ಪರದೆ ವಿಭಾಗದವರು ದಯವಿಟ್ಟು ಕುರ್ಚಿಯ ಹತ್ತಿರ ಬನ್ನಿ.’ ಬಹಳ ಮರ್ಯಾದೆಯ ದನಿ. ಆದರೆ ಮೈಕಿನ ಹುಡುಗಿ ಆ ಹೊತ್ತಿಗೆ ಚಹಾ ಕೋಣೆಯಲ್ಲಿ ನನ್ನ ಎದುರಿಗೇ ಬಿಸ್ಕತ್ತು ಅದ್ದುತ್ತಿದ್ದಳು. ಬಿಸ್ಕತ್ತು ಕಪ್ಪಿನಲ್ಲೇ ಮುಳುಗಿತು.

ಲಿಫ್ಟು ಯಾರೂ ಒತ್ತದೆ ಎರಡನೇ ಮಹಡಿಗೆ ಬಂದು ಬಾಗಿಲು ತೆರೆದು ನಿಲ್ಲುತ್ತದೆ. ಇವರಿದ್ದಿದ್ದರೆ ಒಂದು ಸ್ಕ್ರೂಡ್ರೈವರಿನಲ್ಲಿ ಸರಿ ಮಾಡುತ್ತಿದ್ದರು. ಬಂದಾಗ ಹೇಳಬೇಕು.

ಮೂರು ಗಂಟೆಗೆ ಸುಳ್ಳು ಕಿಟಕಿಗಳ ಪರದೆಗಳೆಲ್ಲ ಒಂದಾದ ಮೇಲೊಂದು ತಾವಾಗಿಯೇ ಸರಿದವು, ಬೆಳಗಾಯಿತು ಅಂತ ಮನೆಯಾಕೆ ಸರಿಸುವ ಹಾಗೆ. ಏನು ಮಾಡುವುದು? ತಪಾಸಣೆಯವರು ನೋಡುತ್ತಿದ್ದಾರೆ. ನಾವೆಲ್ಲ ಸಾಲಾಗಿ ನಿಂತು ಗೋಡೆಯ ಕಡೆ ನೋಡಿ ನಕ್ಕೆವು.

ಫೆಬ್ರುವರಿ ೧೧, ಮಂಗಳವಾರ

ಬೆಳಿಗ್ಗೆ ನಗುಮುಖ ಸಾಲಿನ ಮುಂದೆ ನಿಂತು ಹೇಳಿದ, “ಒಳ್ಳೆ ಸುದ್ದಿ. ತಪಾಸಣೆಯವರು ಹೋದ ತಿಂಗಳೇ ಬಂದು ಹೋಗಿದಾರಂತೆ. ಇನ್ನು ಬೇಸಿಗೆವರೆಗೂ ಯಾರೂ ಬರಲ್ಲ.”

ಸಾಲಿನಿಂದ ದಿಂಬಕ್ಕ ಕೇಳಿದರು, “ಹಾಗಾದ್ರೆ ಮೇಲೆ ಕುರ್ಚಿಯಲ್ಲಿ ಕೂತಿರೋರು ಯಾರು ಸಾರ್?”

“ಯಾವ ಕುರ್ಚಿ?”

ಎಲ್ಲರೂ ಮೆಟ್ಟಿಲು ಹತ್ತಿದೆವು. ಲಿಫ್ಟು ತೆರೆದುಕೊಂಡು ಕಾಯುತ್ತಿತ್ತು, ಯಾರೂ ಅದರ ಹತ್ತಿರ ಹೋಗಲಿಲ್ಲ. ನನಗೆ, ದಿಂಬಕ್ಕನಿಗೆ, ದೀಪದವನಿಗೆ ಆಕೆ ಕಾಣುತ್ತಿದ್ದರು. ನಗುಮುಖನಿಗೆ ಕಂಡದ್ದು ಕುರ್ಚಿ, ದಿಂಬು, ಉರಿಯುವ ದೀಪ ಮಾತ್ರ.

“ಕರೆಂಟು ಯಾಕೆ ಸುಡ್ತಿದೀರಾ? ಇಲ್ಲಿ ಯಾರೂ...”

“ಒಳಗೆ ನೋಡಿದ್ರಾ?” ಅಂದರು ಆಕೆ.

“ಕೂತಿರಿ ಮೇಡಂ, ನೋಡಿ ಬರ್ತಾರೆ,” ಅಂದುಬಿಟ್ಟ ನಗುಮುಖ. ಅಷ್ಟು ವರ್ಷದ ಅಭ್ಯಾಸ, ನಾಲಿಗೆ ತಾನೇ ಹೊರಳಿತು. ಆಮೇಲೆ ಯಾರಿಗೆ ಹೇಳಿದೆ ಅಂತ ಹೊಳೆದು ಮುಖ ಸುಣ್ಣವಾಯಿತು. ಮಧ್ಯಾಹ್ನದವರೆಗೂ ಕೋಣೆಯಿಂದ ಹೊರಗೆ ಬರಲಿಲ್ಲ. ಬಂದವನು ಅಪ್ಪಣೆ ಕೊಡಿಸಿದ್ದು ಇದು: “ಕಾಣಿಸಿದ್ರೂ ಗಿರಾಕಿ, ಕಾಣಿಸದಿದ್ರೂ ಗಿರಾಕಿ. ನಿಯಮ ಅದೇ. ಯಾರೂ ಆ ಮಾತು ಅನ್ನಕೂಡದು.”

ಕೆಲಸ ಬಿಡೋಣ ಅಂದರೆ ದರ್ಜಿಯ ಕೋಣೆ ಹೋಗುತ್ತದೆ. ಹಾಗಾಗಿ ನಾಳೆಯೂ ನೀರಿನ ಲೋಟ ತೊಳೆದು ಇಡಬೇಕು.

ಫೆಬ್ರುವರಿ ೧೨, ಬುಧವಾರ

ಬಾಗಿಲು ಕಾಯುವ ತಾತನಿಗೆ ಎಲ್ಲವೂ ಗೊತ್ತಿತ್ತು. ಯಾಕೆ ಹೇಳಲಿಲ್ಲ ಅಂದರೆ ‘ಯಾರೂ ಕೇಳಲಿಲ್ಲವಲ್ಲಮ್ಮ’ ಅಂತಾರೆ. ಎಂಥ ಮನುಷ್ಯರು.

ಬಾಗಿಲ ಮೇಲೆ ಒಂದು ಬೋರ್ಡಿದೆ. ಒಳಗೆ ಎಷ್ಟು ಜನ ಇದ್ದಾರೆ ಅಂತ ಅಂಕಿ ತೋರಿಸುತ್ತದೆ. ಎಲ್ಲರೂ ಹೋದ ಮೇಲೆ ಅದು ಸೊನ್ನೆಗೆ ಇಳಿದರೆ ತಾತ ಬೀಗ ಹಾಕಬೇಕು. ಎಷ್ಟೋ ವರ್ಷದಿಂದ ಅದು ಸೊನ್ನೆಗೆ ಇಳಿದಿಲ್ಲವಂತೆ.

“ಒಂದರಲ್ಲೇ ನಿಲ್ಲುತ್ತೆ. ಆಕೆ ಕಣ್ಣಿಗೆ ಬೀಳೋದು ಅಪರೂಪ, ಆದ್ರೂ ನಾನು ಆಕೆಗೆ ‘ಹೋಗಿ ಬರ್ತೀನಮ್ಮ’ ಅಂತ ಹೇಳಿ ಬೀಗ ಹಾಕ್ತೀನಿ,” ಅಂದರು.

ಅಂಗಡಿ ಹೊಸದಾಗಿದ್ದಾಗ ಆಕೆ ಮೂರು ಪರದೆ ಕೊಂಡು ಹೋಗಿದ್ದರಂತೆ. ನಾಲ್ಕನೆಯದಕ್ಕೆ ಬಂದಾಗ ಆಗಿನ ಹುಡುಗಿ ಕೂತಿರಿ ಅಂತ ಒಳಗೆ ಹೋದಳು. ಅವಳ ಪಾಳಿ ಮುಗಿಯಿತು, ಹಿಂದಿನ ಬಾಗಿಲಿಂದ ಮನೆಗೆ ಹೋದಳು. ಮರುದಿನ ಇನ್ನೊಬ್ಬಳು ನೋಡೋಣ ಅಂದಳು. ಆಕೆ ದಿನಾ ಬಂದರು.

“ಒಂದಿನ ಬರ್ತಾ ಈ ಎದುರಿನ ರಸ್ತೆ ದಾಟಲಿಲ್ಲ,” ಅಂದರು ತಾತ. “ಲಾರಿ. ನಾನೇ ಬಟ್ಟೆ ಹೊದಿಸಿದೆ. ಕೈ ತೊಳೆದುಕೊಂಡು ಒಳಗೆ ಬಂದು ನೋಡ್ತೀನಿ, ಕುರ್ಚಿಯಲ್ಲಿ ಕೂತಿದಾರೆ.”

ಒಂದು ತುಂಡು ಬಟ್ಟೆಗೆ ಇಷ್ಟು ವರ್ಷ ಕಾಯುವುದೇ? ಒಬ್ಬರಾದರೂ ಹೇಳಬಾರದೇ, ಆಕೆಯಾದರೂ ಅರ್ಥ ಮಾಡಿಕೊಳ್ಳಬಾರದೇ? ನನಗಂತೂ ಇಂಥ ಹೆಂಗಸರನ್ನು ಕಂಡರೆ ಸಿಟ್ಟು ಬರುತ್ತದೆ.

ಫೆಬ್ರುವರಿ ೧೬, ಭಾನುವಾರ

ರಜೆ. ಇವರ ಶರ್ಟುಗಳನ್ನು ಪೆಟ್ಟಿಗೆಯಿಂದ ತೆಗೆದು ಒಗೆದು ಒಣಗಿಸಿ ಇಸ್ತ್ರಿ ಮಾಡಿ ಮತ್ತೆ ಇಟ್ಟೆ. ಪ್ರತಿ ಭಾನುವಾರದ ಕೆಲಸ. ತೊಡದೆ ಇದ್ದರೂ ಕಾಲರು ಸವೆಯುತ್ತಿದೆ, ಒಗೆದೇ ಸವೆದಿರಬೇಕು.

ಮಧ್ಯಾಹ್ನ ಫೋನು ಬಂತು. ಅತ್ತೆ ಹೆಸರು ನೋಡಿ ಹಿತ್ತಿಲಿಗೆ ಎತ್ತಿಕೊಂಡು ಹೋದರು. ಬಂದಾಗ ಕಣ್ಣು ಕೆಂಪಗಿತ್ತು.

“ಇವರಾ? ಯಾವಾಗ ಬರ್ತಾರಂತೆ?” ಅಂದೆ.

“ನೋಡೋಣ ಬಿಡೇ, ಬರ್ತಾನೆ. ಕೂತ್ಕೋ, ಚಹಾ ಮಾಡ್ಕೊಂಡು ಬರ್ತೀನಿ.”

ಒಳಗೆ ಹೋದವರು ಎಷ್ಟೋ ಹೊತ್ತಿನ ಮೇಲೆ ಬರಿಗೈಯಲ್ಲಿ ಹೊರಗೆ ಬಂದರು. ಚಹಾ ಮಾಡಿಯೇ ಇರಲಿಲ್ಲ. ವಯಸ್ಸಾಯಿತು, ಮರೆವು. ನಾನು ಕೂತೇ ಇದ್ದೆ.

ಫೆಬ್ರುವರಿ ೨೦, ಗುರುವಾರ

ಬೆಳಿಗ್ಗೆ ಅಂಗಡಿಯ ಗಾಜಿನ ಬಾಗಿಲು ನನಗೆ ತೆರೆಯಲಿಲ್ಲ. ಮನುಷ್ಯರು ಎದುರಿಗೆ ನಿಂತರೆ ತಾನೇ ತೆರೆಯುವ ಬಾಗಿಲು. ನಾನು ನಿಂತೆ, ಕೈಯಾಡಿಸಿದೆ, ಕುಣಿಯುವುದೊಂದು ಬಾಕಿ. ಹಿಂದಿನಿಂದ ಒಬ್ಬ ಗಿರಾಕಿ ಬಂದ, ತೆರೆಯಿತು, ಅವನ ಹಿಂದೆ ನುಸುಳಿದೆ. ಕಣ್ಣು ಕೆಟ್ಟಿರಬೇಕು ಅದರದು.

ಇತ್ತೀಚೆಗೆ ಆಕೆಯ ಜೊತೆ ಮಾತಾಡುವುದು ಅಭ್ಯಾಸವಾಗಿದೆ. ಹೆದರಿಕೆ ಎಷ್ಟು ದಿನ ಅಂತ ಹೆದರಿಸುತ್ತದೆ? ಜನ ಇಲ್ಲದ ಹೊತ್ತಿನಲ್ಲಿ ಪಕ್ಕದಲ್ಲಿ ನಿಲ್ಲುತ್ತೇನೆ. ಇವರ ವಿಷಯ ಹೇಳಿದೆ, ಕಟ್ಟಡಗಳ ವಿಷಯ, ಕೋಣೆಯ ವಿಷಯ. ಆಕೆ ಚೆನ್ನಾಗಿ ಕೇಳುತ್ತಾರೆ. ದಿಂಬಕ್ಕನ ಹಾಗೆ ನಡುವೆ ಬಾಯಿ ಹಾಕುವುದಿಲ್ಲ.

“ಎಷ್ಟು ದಿನದಿಂದ ಕೂತಿದ್ದೀರಿ?” ಅಂದರು.

“ನಾನೆಲ್ಲಿ ಕೂತಿದ್ದೀನಿ? ದಿನವಿಡೀ ನಿಂತು ಕಾಲು ಊದಿದೆ.”

ಆಕೆ ನನ್ನನ್ನೇ ನೋಡಿದರು. ಏನು ಪ್ರಶ್ನೆಯೋ ಏನೋ. ವಯಸ್ಸಾದವರಿಗೂ ಸತ್ತವರಿಗೂ ಮಾತಿನ ಮೇಲೆ ಹಿಡಿತ ಇರುವುದಿಲ್ಲ.

ಸಂಜೆ ಒಬ್ಬಾಕೆ ನನ್ನ ಮೂಗಿನ ಮುಂದೆ ನಿಂತು ‘ಪರದೆ ವಿಭಾಗದಲ್ಲಿ ಯಾರೂ ಇಲ್ವಾ?’ ಅಂತ ದಿಂಬಕ್ಕನನ್ನು ಕೂಗಿದಳು.

ಫೆಬ್ರುವರಿ ೨೨, ಶನಿವಾರ

ಎಲ್ಲರೂ ಹೊರಗೆ ಬಂದ ಮೇಲೆ ತಾತ ಬೋರ್ಡು ನೋಡಿ ನಿಂತುಬಿಟ್ಟರು. ಎರಡು ತೋರಿಸುತ್ತಿತ್ತು.

ಬೋರ್ಡು ನೋಡಿದರು. ನನ್ನನ್ನು ನೋಡಿದರು. “ನೀನು ಹೊರಗೆ ಬಂದೆ ತಾನೇ ಮಗಳೇ?” ಅಂದರು.

“ಬರದೆ ಮತ್ತೆ? ನಿಮ್ಮ ಎದುರಿಗೇ ನಿಂತಿಲ್ವಾ?”

ಮನೆವರೆಗೂ ನಡೆದೇ ಬಂದೆ, ಬೇಗ ಬೇಗ. ಯಾಕೋ ಓಡಬೇಕು ಅನ್ನಿಸುತ್ತಿತ್ತು.

ಫೆಬ್ರುವರಿ ೨೩, ಭಾನುವಾರ

ಅತ್ತೆ ಊಟಕ್ಕೆ ಒಂದೇ ತಟ್ಟೆ ಹಾಕಿಕೊಂಡರು. ನಾನು ಎದುರಿಗೇ ಕೂತಿದ್ದೆ.

ಫೆಬ್ರುವರಿ ೨೬, ಬುಧವಾರ

ಎಲ್ಲ ಬರೆದಿಡಬೇಕು, ಅಕ್ಷರ ಹೇಗಾದರೂ ಬರಲಿ.

ಬೆಳಿಗ್ಗೆ ಹೋದಾಗ ಆಕೆಯ ಕುರ್ಚಿಯ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇತ್ತು. ಯಾರು ತಂದಿಟ್ಟರೋ. ಕೈಯಿರುವ ಕುರ್ಚಿ, ದಿಂಬು ಬೇರೆ. ಕಾಲು ಸೋತಿತ್ತು, ಒಂದು ಗಳಿಗೆ ಅಂತ ಕೂತೆ. ಕೂತರೆ ಎಂಥ ಹಾಯಿ. ನೋವೆಲ್ಲ ಇಳಿದು ಹೋಯಿತು. ಸುಳ್ಳು ಕಿಟಕಿಗಳಾಚೆ ಬೀದಿ ಕಾಣತೊಡಗಿತು, ಬಿಸಿಲು, ನಡೆದು ಬರುವವರು. ಅವರಲ್ಲಿ ಒಬ್ಬರು ಇವರಿರಬಹುದು ಅಂತ ನೋಡುತ್ತಾ ಕೂತೆ. ಇನ್ನೇನು ಬರುತ್ತಾರೆ, ಇನ್ನೇನು ಬರುತ್ತಾರೆ.

ಎಷ್ಟು ಹೊತ್ತಾಯಿತೋ. ದಿಂಬಕ್ಕ ನನ್ನನ್ನು ಹುಡುಕುತ್ತಾ ಬಂದರು. ಕುರ್ಚಿಯನ್ನು ನೋಡಿದರು, ನನ್ನ ಮೂಲಕ ಗೋಡೆ ನೋಡಿದರು, ‘ಎಲ್ಲಿ ಹಾಳಾಗಿ ಹೋದಳೋ’ ಅಂದರು. ಇಲ್ಲೇ ಇದ್ದೀನಿ ಅನ್ನಲು ಬಾಯಿ ತೆರೆದೆ. ‘ನೋಡೋಣ’ ಅಂತ ಹೊರಟಿತು. ಮತ್ತೆ ತೆರೆದೆ, ಮತ್ತೆ ‘ನೋಡೋಣ’. ಕೈ ಎತ್ತಿ ನೋಡಿಕೊಂಡೆ. ಅಂಗೈಯ ಮೂಲಕವೇ ಆಕೆಯ ಸ್ವೆಟರಿನ ಹಸಿರು ಕಾಣುತ್ತಿತ್ತು. ಆಗ ಭಯವಾಯಿತು. ಇಷ್ಟು ದಿನ ಆಗಿದ್ದು ಭಯವೇ ಅಲ್ಲ.

“ಒಳಗೆ ನೋಡಿದ್ರಾ?” ಅಂತ ಪಕ್ಕದಿಂದ ಕೇಳಿದರು.

ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. “ಇಲ್ಲಮ್ಮ,” ಅಂದೆ.

ಪರದೆಯ ಉಂಗುರಗಳೆಲ್ಲ ಒಮ್ಮೆಲೇ ಝಣ್ ಅಂದವು. ದೀಪದ ವಿಭಾಗ ಪೂರ್ತಿ ಆರಿ ಹತ್ತಿತು. ಆಕೆ ನನ್ನ ಕಡೆ ತಿರುಗಿದರು.

“ಇಲ್ವಾ?”

“ಇಲ್ಲ. ಆ ಬಟ್ಟೆ ಬರೋದು ನಿಂತು ಎಷ್ಟೋ ಕಾಲವಾಯ್ತು. ನಾಳೆನೂ ಇಲ್ಲ, ನಾಡಿದ್ದೂ ಇಲ್ಲ. ಯಾರೂ ಒಳಗೆ ಹುಡುಕ್ತಿಲ್ಲ. ಒಳಗೆ ಇರೋದು ನಮ್ಮ ನೀರಿನ ಬಾಟಲಿ ಮಾತ್ರ. ಬರೋದಿಲ್ಲಮ್ಮ, ಮನೆಗೆ ಹೋಗಿ.”

ಕಿರುಚುತ್ತಾರೆ, ಕುತ್ತಿಗೆ ಹಿಡಿಯುತ್ತಾರೆ ಅಂತ ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ತೆರೆದಾಗ ಆಕೆ ಬಟ್ಟೆ ತುಂಡನ್ನು ನೀಟಾಗಿ ಮಡಿಸಿ ಕೈಚೀಲಕ್ಕೆ ಹಾಕುತ್ತಿದ್ದರು.

“ಇದನ್ನ ಆಗಲೇ ಹೇಳಬಾರದಿತ್ತಾ?” ಅಂದರು. “ಒಲೆ ಮೇಲೆ ಹಾಲಿಟ್ಟು ಬಂದಿದ್ದೀನಿ.”

ಎದ್ದು ಸ್ವೆಟರು ಸರಿಮಾಡಿಕೊಂಡು ಬೇಗ ಬೇಗ ಮೆಟ್ಟಿಲಿಳಿದು ಹೋದರು. ಲಿಫ್ಟು ಸುಮ್ಮನೆ ಬಾಗಿಲು ಮುಚ್ಚಿಕೊಂಡಿತು. ದಿಂಬಕ್ಕ ಓಡಿ ಬಂದು ನನ್ನ ರಟ್ಟೆ ಹಿಡಿದು ಅಲುಗಿಸಿ, “ಎಲ್ಲಿದ್ದೆ ಇಷ್ಟೊತ್ತು?” ಅಂದರು. ರಟ್ಟೆ ನೋವಾಯಿತು. ಹಾಗೆ ನೋವಾದದ್ದಕ್ಕೆ ನಾನು ಅತ್ತುಬಿಟ್ಟೆ.

ಮೈಕು ಅದರಷ್ಟಕ್ಕೆ ಅದು ಹತ್ತಿಕೊಂಡಿತ್ತಂತೆ. ನನ್ನ ‘ಇಲ್ಲ’ಗಳೆಲ್ಲ ಪಾತ್ರೆ ವಿಭಾಗದವರೆಗೂ ಕೇಳಿವೆ. ಚಹಾ ಕೋಣೆಯ ಬೋರ್ಡಿನಲ್ಲಿ ನನ್ನ ಹೆಸರು ಕಾಣದಷ್ಟು ಕೆಂಪು. ಶುಕ್ರವಾರ ನಗುಮುಖ ತೀರ್ಮಾನ ಹೇಳುತ್ತಾನಂತೆ.

ಹೊರಡುವಾಗ ತಾತ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದರು. ಬಾಗಿಲ ಮೇಲಿನ ಬೋರ್ಡಿನಲ್ಲಿ ಸೊನ್ನೆ.

ಫೆಬ್ರುವರಿ ೨೭, ಗುರುವಾರ

ನಿನ್ನೆ ಬರೆದು ಮುಗಿಸಿ ಎದ್ದವಳು ನೇರ ಅಡುಗೆಮನೆಗೆ ಹೋದೆ. ಯೋಚನೆ ಮಾಡಿ ಹೋದದ್ದಲ್ಲ. ಅತ್ತೆ ಪಾತ್ರೆ ಒರೆಸುತ್ತಿದ್ದರು.

“ಅತ್ತೆ, ಇವರು ಬರ್ತಾರಾ?”

“ನೋಡೋಣ...”

“ನೋಡೋಣ ಅನ್ನಬೇಡಿ. ಬರ್ತಾರೋ ಇಲ್ವೋ, ಎರಡರಲ್ಲಿ ಒಂದು ಹೇಳಿ.”

ಅವರು ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸಿದರು.

“ಇಲ್ಲ ಕಣೇ,” ಅಂದರು. “ಅಲ್ಲೇ ಸಂಸಾರ ಮಾಡಿಕೊಂಡಿದಾನೆ. ಒಂದು ಮಗೂನೂ ಇದೆ. ನನ್ನ ಬಾಯಿಂದ ಹೇಗೆ ಹೇಳಲಿ? ಹೇಳಿದ್ರೆ ನೀನು ಎದ್ದು ಹೋಗ್ತೀಯಲ್ಲ, ನನಗೆ ಯಾರಿದಾರೆ?”

“ಇದನ್ನ ಆಗಲೇ ಹೇಳಬಾರದಿತ್ತಾ?” ಅಂದೆ.

ಅಳುತ್ತಾ ಬೈದೆ, ಅತ್ತೆಯನ್ನೂ ಇವರನ್ನೂ ಆ ಕಟ್ಟಡಗಳನ್ನೂ. ಅತ್ತೆಯೂ ಅತ್ತರು. ಅಷ್ಟೆಲ್ಲ ಆದ ಮೇಲೆ ನಾಚಿಕೆ ಬಿಟ್ಟು ಹಸಿವಾಯಿತು. ಅತ್ತೆ ಎರಡು ತಟ್ಟೆ ಹಾಕಿದರು.

ಬೆಳಿಗ್ಗೆ ಗಾಜಿನ ಬಾಗಿಲು ನಾನು ಇನ್ನೂ ದೂರದಲ್ಲಿರುವಾಗಲೇ ತೆರೆಯಿತು. ರಿಪೇರಿ ಮಾಡಿಸಿರಬೇಕು.

ಫೆಬ್ರುವರಿ ೨೮, ಶುಕ್ರವಾರ

ಚಹಾ ಕೋಣೆಯಲ್ಲಿ ಎಲ್ಲರ ಮುಂದೆ ನಗುಮುಖ ಕೆಂಪು ಬೋರ್ಡಿಗೆ ಕೋಲು ತಾಗಿಸಿ ಬಹಳ ಹೊತ್ತು ಭಾಷಣ ಮಾಡಿದ. ಕೊನೆಗೆ, “ಇವರ ವಿಷಯ ಮುಂದಿನ ತಿಂಗಳು ನೋಡೋಣ,” ಅಂದ.

“ನೋಡೋದು ಬೇಡ ಸಾರ್,” ಅಂದೆ. “ನನ್ನ ಕಾಯಂ ಮಾಡ್ತೀರಾ?”

“ಅದು, ಸ್ವಲ್ಪ ಕೂತಿರಿ, ನಾನು ಒಳಗೆ...”

“ನಿಂತೇ ಇರ್ತೀನಿ. ಮಾಡ್ತೀರಾ?”

ಅವನ ಬಾಯಿ ತೆರೆಯಿತು. ಅಲ್ಲಿ ಯಾವ ಮಾತು ಬಂದು ನಿಂತಿದೆ ಅಂತ ಕೋಣೆಗೆಲ್ಲ ಕಾಣುತ್ತಿತ್ತು. ದಿಂಬಕ್ಕ ಎದ್ದು, ಸದ್ದಿಲ್ಲದೆ, ಕೆಂಪು ಪೆನ್ನಿನ ಮುಚ್ಚಳ ತೆಗೆದು ಬೋರ್ಡಿನ ಮೇಲುಗಡೆ ಇದ್ದ ಅವನ ಹೆಸರಿನ ಹತ್ತಿರ ನಿಂತರು. ನಗುಮುಖ ಪೆನ್ನನ್ನು ನೋಡಿದ, ನನ್ನನ್ನು ನೋಡಿದ, ಬೆವರಿದ.

“ಹೌದು,” ಅಂದ.

ಕೋಣೆಯವರೆಲ್ಲ ನಕ್ಕರು. ಸಂಬಳದ ನಗುವಲ್ಲ.

ಮಾರ್ಚ್ ೯, ಭಾನುವಾರ

ಬೆಳಿಗ್ಗೆ ದರ್ಜಿಯ ಮೇಲಿನ ಕೋಣೆಗೆ ಬಂದೆ. ಒಂದು ಕಿಟಕಿ. ಪರದೆ ಸರಿಸಿದರೆ ಆಚೆ ನಿಜವಾದ ಬೀದಿ. ದಿಂಬಕ್ಕ ಆ ಹಂಸದ ಗರಿಯ ದಿಂಬನ್ನು ಕೊಟ್ಟಿದ್ದಾರೆ, ‘ಯಾರೂ ಒರಗಿಲ್ಲ, ಹೊಸದೇ’ ಅಂತ.

ಅತ್ತೆ ಜೊತೆಗೆ ಬಂದು ಮೂಲೆ ಮೂಲೆ ನೋಡಿದರು. “ಅವನ ಶರ್ಟುಗಳು?” ಅಂದರು.

“ಪೆಟ್ಟಿಗೇಲೇ ಇವೆ, ನಿಮ್ಮ ಮನೇಲಿ.”

ಕಿಟಕಿಯ ಹತ್ತಿರ ಹೋಗಿ ನಿಂತು, “ನಾನೂ ಇಲ್ಲೇ ಬಂದು ಇರಲಾ?” ಅಂದರು.

“ಇಲ್ಲ ಅತ್ತೆ. ಭಾನುವಾರ ಭಾನುವಾರ ಬನ್ನಿ, ಊಟ ಮಾಡಿಕೊಂಡು ಹೋಗಿ.”

ಅವರು ಹೂಂ ಅಂದರು. ಹೋಗುವಾಗ ತಿರುಗಿ ನೋಡಿ, ಬರುವ ಭಾನುವಾರ ಎಷ್ಟು ಹೊತ್ತಿಗೆ ಅಂತ ಕೇಳಿದರು. ಹೊತ್ತು ಹೇಳಿದೆ.

ಬರೆಯಲು ಇನ್ನೂ ಏನೇನೋ ಇತ್ತು. ಒಲೆ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುವ ಸದ್ದಾಗುತ್ತಿದೆ. ಏಳಬೇಕು.